ತಪ್ಪಿನ ಹಿಂದಿರುವ ವ್ಯಾಕರಣ

ಇಂಗ್ಲಿಷ್ ಬರೆಯುವಾಗ ತಪ್ಪುವ ಮಗುವನ್ನು ದಡ್ಡ ಮಗುವೆಂದು ಹಳಿಯುವುದು ಹಲವು ಮನೆಗಳಲ್ಲಿ ವಾಡಿಕೆಯಾಗಿದೆ. ಆದರೆ ಎಷ್ಟೋ ತಪ್ಪುಗಳಲ್ಲಿ ದೋಷವಿರುವುದು ಬುದ್ಧಿಯಲ್ಲಲ್ಲ. ತಾಯ್ನುಡಿಯ ನಿಯಮವೇ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಇದನ್ನು ಪಾಲಕರ ಗಮನಕ್ಕೆ ತರಬಯಸುತ್ತೇವೆ.

ಮೊದಲು ವಾಕ್ಯಗಳ ಜೋಡಣೆಯನ್ನು ನೋಡೋಣ. 'ಮಳೆ ಬಂದರೂ ಅವನು ಶಾಲೆಗೆ ಹೋದನು' ಎಂಬಲ್ಲಿ ಎರಡು ಮಾತುಗಳನ್ನು ಬೆಸೆಯುವ ಅಂಶವು ಮೊದಲ ಮಾತಿನ ಕೊನೆಯಲ್ಲಿ, ಅಂದರೆ ವಾಕ್ಯದ ನಡುವೆ ಇದೆ. 'ಮಳೆ ಬಂದುದರಿಂದ' ಎಂಬಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಾದರೋ 'ದೋ', 'ಬಿಕಾಸ್' ಎಂಬ ಪದಗಳು ತಮ್ಮ ಮಾತಿನ ಆರಂಭದಲ್ಲಿಯೇ ನಿಲ್ಲುತ್ತವೆ. ಮಗು 'ದೋ ಇಟ್ ರೇನ್ಡ್' ಎಂದು ತೊಡಗುತ್ತದೆ. ಕನ್ನಡದ ಕಿವಿಗೆ ನಡುವೆ ಬೆಸುಗೆಯಿಲ್ಲದೆ ಬರಿದೆನಿಸಿ, 'ಬಟ್ ಹಿ ವೆಂಟ್ ಟು ಸ್ಕೂಲ್' ಎಂದು ಮುಗಿಸುತ್ತದೆ. 'ದೋ' ಇದ್ದಲ್ಲಿ 'ಬಟ್' ಸಲ್ಲದು. 'ಬಿಕಾಸ್' ಇದ್ದಲ್ಲಿ 'ಸೋ' ಸಲ್ಲದು. ಒಂದು ಬಾಗಿಲಿಗೆ ಒಂದೇ ಅಗುಳಿ ಸಾಕು.

ಇನ್ನು ಹೋಲಿಕೆ. 'ಅಣ್ಣನಿಗಿಂತ ತಮ್ಮನು ಎತ್ತರ' ಎನ್ನುವಾಗ ಭಾರವನ್ನೆಲ್ಲ 'ಗಿಂತ' ಎಂಬುದೇ ಹೊರುತ್ತದೆ. 'ಎತ್ತರ' ಎಂಬ ಪದವು ರೂಪ ಬದಲಿಸುವುದಿಲ್ಲ. ಇಂಗ್ಲಿಷಿನಲ್ಲಿ 'ದ್ಯಾನ್' ಬಂದರಷ್ಟೇ ಸಾಲದು, 'ಟಾಲ್' ಎಂಬುದು 'ಟಾಲರ್' ಆಗಲೇಬೇಕು. ಕನ್ನಡದ 'ಹೆಚ್ಚು ಎತ್ತರ'ವನ್ನು ನೆನೆದ ಮಗು 'ಮೋರ್ ಟಾಲರ್' ಎಂದು ಬರೆಯುತ್ತದೆ. ಕೆಲವು ಅಪವಾದಗಳಿದ್ದರೂ, ಚಿಕ್ಕ ಪದಕ್ಕೆ 'ಅರ್' ಹತ್ತುತ್ತದೆ, 'ಬ್ಯೂಟಿಫುಲ್'ನಂತಹ ಉದ್ದ ಪದದ ಮುಂಚೆ 'ಮೋರ್' ಬರುತ್ತದೆ; ಎರಡೂ ಕೂಡಿ ಬಾರವು. 'ಎಲ್ಲರಿಗಿಂತ ಎತ್ತರ' ಎಂಬುದಕ್ಕೆ 'ದಿ ಟಾಲೆಸ್ಟ್' ಎನ್ನಬೇಕು.

ಸಂಸ್ಕೃತ ಬಲ್ಲವರಿಗೆ ಈ ರೂಪಭೇದ ಹೊಸದಲ್ಲ. ಪಾಣಿನಿಯು 'ತರಪ್', 'ತಮಪ್', 'ಈಯಸುನ್', 'ಇಷ್ಠನ್' ಎಂಬ ಪ್ರತ್ಯಯಗಳನ್ನು ಹೇಳಿದ್ದಾನೆ. 'ಕನಿಷ್ಠ', 'ಶ್ರೇಷ್ಠ' ಪದಗಳಲ್ಲಿರುವ ಪ್ರತ್ಯಯವೂ ಇಂಗ್ಲಿಷಿನ 'ಎಸ್ಟ್' ಎಂಬುದೂ ಒಂದೇ ಮೂಲದವು. 'ಸ್ವಾದಿಷ್ಠ'ಕ್ಕೂ 'ಸ್ವೀಟೆಸ್ಟ್'ಗೂ ದಾಯಾದಿ ಸಂಬಂಧ. ಕನ್ನಡವಾದರೋ ದ್ರಾವಿಡ ಕುಲದ ಭಾಷೆ. ಅದರ ದಾರಿ ಬೇರೆ, ಕೀಳಲ್ಲ.

ಆದುದರಿಂದ ಮಗು ತಪ್ಪಿದಾಗ ಆ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಸಿರಿ. ಬೆಸುಗೆ ಎಲ್ಲಿದೆ, ಹೋಲಿಕೆಯನ್ನು ಯಾವ ಪದ ಹೊತ್ತಿದೆ ಎಂದು ಕೇಳಿರಿ. ಇಂಗ್ಲಿಷ್ ಅರಿಯದ ತಾಯಿಯೂ ಇಷ್ಟನ್ನು ಕೇಳಬಲ್ಲಳು. ಬೈಗುಳಕ್ಕೆ ಬೆದರಿದ ಮಗು ಬರೆಯುವುದನ್ನೇ ಬಿಡುತ್ತದೆ. ಕಾರಣ ತಿಳಿದ ಮಗು ಮುಂದಿನ ಸಲ ತಾನೇ ತಿದ್ದಿಕೊಳ್ಳುತ್ತದೆ.