ಸ್ಯಾನಿಬೆಲ್‌ನಲ್ಲಿ ಮೀನು ಮಾರುವವರಿಲ್ಲ

ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಾಗ ಕಡಲು ತೋರಿಸಲು ಕರೆದುಕೊಂಡು ಹೋದೆ. ಕೋಡಿ ಬೆಂಗ್ರೆಯಲ್ಲಿ ಹುಟ್ಟಿದವಳಿಗೆ ಕಡಲು! ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸುವರ್ಣಾ ನದಿ, ನಡುವಿನ ಮರಳಪಟ್ಟಿಯ ಮೇಲೆ ಅವಳ ತವರು. ಅಲ್ಲಿ ಅವಳ ಹೆಸರಲ್ಲಿರುವ ಹತ್ತು ಸೆಂಟ್ಸ್ ಜಾಗವನ್ನು ಹೋಮ್‌ಸ್ಟೇ ಮಾಡುವವರೊಬ್ಬರು ಕೇಳುತ್ತಿದ್ದರು. ಕೊಟ್ಟುಬಿಡೋಣ ಅಂತ ನನ್ನ ಅಭಿಪ್ರಾಯ. ಈ ಟ್ರಿಪ್‌ನಲ್ಲೇ ನಿಧಾನವಾಗಿ ಮಾತು ತೆಗೆಯಬೇಕು ಅಂದುಕೊಂಡಿದ್ದೆ.

ಟ್ಯಾಂಪಾದಿಂದ ಫೋರ್ಟ್ ಮೈಯರ್ಸ್‌ಗೆ ಎರಡೂವರೆ-ಮೂರು ಗಂಟೆ ಡ್ರೈವ್. ಅಲ್ಲಿಂದ ಟೋಲ್ ಕೊಟ್ಟು ಸೇತುವೆ ದಾಟಿದರೆ ಸ್ಯಾನಿಬೆಲ್ ದ್ವೀಪ. ಅಲ್ಲಿನ ರೂಮ್ ಬಾಡಿಗೆ ನೋಡಿಯೇ ನಾವು ಈಚೆ ದಡದಲ್ಲಿ ಉಳಿದುಕೊಂಡಿದ್ದು, ಅದು ಬೇರೆ ಮಾತು.

ಊರಲ್ಲಿ ಒಂದೂ ಟ್ರಾಫಿಕ್ ಸಿಗ್ನಲ್ ಇಲ್ಲ. ಹಾರ್ನ್ ಇಲ್ಲ. ಮರಗಳನ್ನು ಮೀರಿ ನಿಂತ ಕಟ್ಟಡ ಕಣ್ಣಿಗೆ ಬೀಳಲಿಲ್ಲ. ಈ ಶಾಂತಿ ತಾನಾಗಿ ಬಂದದ್ದಲ್ಲ. 1963ರಲ್ಲಿ ಸೇತುವೆ ಆದದ್ದೇ ತಡ, ಬಿಲ್ಡರುಗಳು ನುಗ್ಗಿದರು. ಹೆದರಿದ ಊರವರು 1974ರಲ್ಲಿ ವೋಟು ಹಾಕಿ ತಮ್ಮದೇ ನಗರಾಡಳಿತ ಮಾಡಿಕೊಂಡು, ಎಷ್ಟು ಮನೆ, ಎಷ್ಟು ಎತ್ತರ ಅಂತ ಮಿತಿ ಹಾಕಿದರು. ಈಗ ಅರ್ಧಕ್ಕಿಂತ ಹೆಚ್ಚು ಜಾಗ ಸಂರಕ್ಷಿತ.

ಫ್ಲೋರಿಡಾದ ಈ ಭಾಗದ ಮರಳದ್ವೀಪಗಳು ಹೆಚ್ಚಾಗಿ ಉತ್ತರ-ದಕ್ಷಿಣವಾಗಿ ಮಲಗಿದ್ದರೆ ಸ್ಯಾನಿಬೆಲ್ ಪೂರ್ವ-ಪಶ್ಚಿಮವಾಗಿ ಅಡ್ಡ ಬಿದ್ದಿದೆ. ಅಲೆ ತಂದ ಚಿಪ್ಪುಗಳೆಲ್ಲ ಇಲ್ಲೇ ಸಿಕ್ಕಿಕೊಳ್ಳುತ್ತವೆ. ಬೀಚಲ್ಲಿ ಎಲ್ಲರೂ ಸೊಂಟ ಬಗ್ಗಿಸಿಕೊಂಡೇ ನಡೆಯೋದು. ಅದಕ್ಕೆ 'ಸ್ಯಾನಿಬೆಲ್ ಸ್ಟೂಪ್' ಅಂತ ಹೆಸರೇ ಇದೆ. ಅಮ್ಮನೂ ಬಗ್ಗಿ ಒಂದು ಶಂಖ ಎತ್ತಿದಳು, ತಿರುಗಿಸಿ ನೋಡಿದಳು, ಸೀದಾ ನೀರಿಗೆ ಬಿಟ್ಟಳು. "ಒಳಗೆ ಜೀವ ಉಂಟು." ಜೀವ ಇರುವ ಚಿಪ್ಪು ತೆಗೆಯುವಂತಿಲ್ಲ ಅನ್ನೋ ಕಾನೂನನ್ನು ನಾನಿನ್ನೂ ಹೇಳಿರಲಿಲ್ಲ.

ಮರಳದ್ವೀಪಕ್ಕೆ ಬಿರುಗಾಳಿಯ ಮೊದಲ ಏಟು. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಬಂದಾಗ ಸೇತುವೆ ದಾರಿ ಕಿತ್ತು ಹೋಯಿತು. 1884ರ ದೀಪಸ್ತಂಭ ಒಂದು ಕಾಲು ಕಳೆದುಕೊಂಡೂ ನಿಂತಿತ್ತು. ಅದನ್ನು ತೋರಿಸುತ್ತಾ ಈ ಕಥೆ ಹೇಳುತ್ತಿದ್ದೆ. ಅಮ್ಮನ ಗಮನ ಬೇರೆಲ್ಲೋ ಇತ್ತು.

"ಇಲ್ಲಿ ಮೀನು ಮಾರುವವರು ಯಾರೂ ಇಲ್ವ ಮಾರಾಯ? ಬಲೆ ಒಣಗಿಸಿದ್ದೂ ಕಾಣ್ಲಿಲ್ಲ."

"ಇಲ್ಲಿ ಮನೆ ರೇಟು ಅವರಿಗೆಲ್ಲಿ ಆಗ್ಬೇಕಮ್ಮ."

ಸಂಜೆ ವಾಪಸ್ ಬರುವಾಗ ಸೇತುವೆ ಕಡೆಗೆ ಸಾಲುಗಟ್ಟಿ ಗಾಡಿಗಳು. ಏಣಿ ಕಟ್ಟಿದ ಪಿಕಪ್, ಹುಲ್ಲು ಕತ್ತರಿಸುವ ಮೆಷಿನ್ ಹೊತ್ತ ಟ್ರೈಲರ್, ಯೂನಿಫಾರ್ಮ್‌ನಲ್ಲೇ ಸ್ಟೀರಿಂಗ್ ಹಿಡಿದ ಹೆಂಗಸರು.

"ಇವರೆಲ್ಲ ಎಲ್ಲಿಗೆ ಹೋಗುವುದು?"

"ಮನೆಗೆ. ಕೆಲಸ ಇಲ್ಲಿ, ಮನೆ ಆಚೆ ದಡದಲ್ಲಿ."

ಅಮ್ಮ ಗಾಜು ಇಳಿಸಿ ಸುಮಾರು ಹೊತ್ತು ನೀರನ್ನೇ ನೋಡುತ್ತಾ ಕೂತಳು. ಆಮೇಲೆ, "ಹೋಮ್‌ಸ್ಟೇಯವ ನಿನಗೂ ಫೋನ್ ಮಾಡಿದ್ನಾ?" ಅಂದಳು.

"ಹ್ಞೂಂ" ಅಂದೆ. ಎಷ್ಟು ಕೊಡ್ತಾನಂತೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.