ವಸ್ತಾದನನ್ನು ಬದಲಿಸುವವರು ಯಾರು?

ಸೋಲಿಗೆ ಒಂದು ಹೆಸರು ಬೇಕು. ತಂಡ ಸೋತಿತು ಎಂದರೆ ನಮ್ಮ ಜನಕ್ಕೆ ಸಮಾಧಾನವಾಗುವುದಿಲ್ಲ. ಯಾರಿಂದ ಸೋತಿತು ಎಂಬುದೂ ತೀರ್ಮಾನವಾಗಬೇಕು. ಗೋಕಾಕದ ಚಹಾದಂಗಡಿಯಲ್ಲಿ, ಮೂಡಲಗಿಯ ಸಂತೆಯಲ್ಲಿ, ಹುಕ್ಕೇರಿಯ ಕಟ್ಟೆಗಳ ಮೇಲೆ ಕ್ರಿಕೆಟ್ಟಿನ ಮಾತು ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ತರಬೇತುದಾರನ ಹತ್ತಿರ. ಇವನನ್ನು ತೆಗೆಯಬೇಕು, ಅವನನ್ನು ತರಬೇಕು. ಬ್ಯಾಟು ಹಿಡಿದವನು ಅವನಲ್ಲ, ಚೆಂಡು ಎಸೆದವನು ಅವನಲ್ಲ. ಆದರೂ ಮೊದಲು ಹೊರಗೆ ಹೋಗಬೇಕಾದವನು ಅವನೇ. ಈ ವಾದಗಳನ್ನು ವರ್ಷಗಟ್ಟಲೆ ಕೇಳುತ್ತ ಬಂದ ನಮಗೆ ಒಂದು ಮಾತು ಸ್ಪಷ್ಟವಾಗಿದೆ. ತರಬೇತುದಾರನ ಬದಲಾವಣೆಯ ಬಗ್ಗೆ ನಮ್ಮ ಅಭಿಮಾನಿಗಳು ನಡೆಸುವ ಚರ್ಚೆ ಬಹುಮಟ್ಟಿಗೆ ಆಟದ ಚರ್ಚೆಯೇ ಅಲ್ಲ. ಅದು ನಮ್ಮವ ಯಾರು, ಹೊರಗಿನವ ಯಾರು ಎಂಬ ಪಂಚಾಯಿತಿ. ಆಟದ ವೇಷ ತೊಟ್ಟಿದೆ, ಅಷ್ಟೇ.

ನಮ್ಮ ಸೀಮೆಗೆ ತರಬೇತುದಾರನೆಂಬುವನು ಹೊಸಬನಲ್ಲ. ಊರಿಗೆ ಕ್ರಿಕೆಟ್ ಬರುವ ಮೊದಲೇ ಗರಡಿಮನೆ ಇತ್ತು, ಗರಡಿಗೊಬ್ಬ ವಸ್ತಾದನಿದ್ದ. ಉರ್ದುವಿನ ಉಸ್ತಾದ್ ಎಂಬ ಶಬ್ದ ಘಟಪ್ರಭೆಯ ದಂಡೆಗೆ ಬಂದು ವಸ್ತಾದ ಆಯಿತು. ಅದು ಎಷ್ಟು ಇಲ್ಲಿಯದಾಯಿತೆಂದರೆ ಅದರ ಮೂಲ ಯಾವ ಭಾಷೆಯೆಂದು ಯಾವ ಪೈಲವಾನನೂ ಕೇಳಲಿಲ್ಲ. ಗರಡಿಯ ಗೋಡೆಯ ಮೇಲೆ ಹನುಮಂತನ ಪಟ, ಅದರ ಕೆಳಗೆ ಕೆಂಪು ಮಣ್ಣು. ಇಳಿಯುವ ಹುಡುಗ ಯಾವ ಮನೆಯವನೇ ಆಗಿರಲಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯುತ್ತಿದ್ದ. ವಸ್ತಾದ ಬೆಳಗಿನ ಜಾವಕ್ಕೆ ಎಬ್ಬಿಸುತ್ತಿದ್ದ, ದಂಡ ಬೈಠಕ್ ಹೊಡೆಸುತ್ತಿದ್ದ, ಬೈಯುತ್ತಿದ್ದ, ತಿನ್ನುವ ಅನ್ನದ ಮೇಲೂ ಕಣ್ಣಿಡುತ್ತಿದ್ದ. ಜಾತ್ರೆಯ ಜಂಗಿ ನಿಕಾಲಿ ಕುಸ್ತಿಯಲ್ಲಿ ಶಿಷ್ಯ ಚಿತ್ ಆದರೆ ವಸ್ತಾದನ ತಲೆ ತಗ್ಗುತ್ತಿತ್ತು. ಆದರೆ ಮರುದಿನ ಗರಡಿಗೆ ಬೇರೆ ವಸ್ತಾದ ಬರುತ್ತಿರಲಿಲ್ಲ.

ಗರಡಿಮನೆಯನ್ನು ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲಿರಲಿಲ್ಲ. ಜಾತಿ ಹೊಸ್ತಿಲಾಚೆಯೇ ಉಳಿಯುತ್ತಿತ್ತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ವಸ್ತಾದನ ಸಿಟ್ಟಿಗೆ ಕಡಿವಾಣವೂ ಇರಲಿಲ್ಲ. ಆದರೆ ಒಂದು ವಿವೇಕ ಆ ಮಣ್ಣಿನಲ್ಲಿತ್ತು. ಕಲಿಸುವವನನ್ನು ಅವನು ಕಲಿಸಿದ್ದರಿಂದಲೇ ಅಳೆಯಬೇಕು. ಅವನ ಮಾತಿನ ಒರಟುತನದಿಂದಲ್ಲ, ಅವನ ದೇವರಿಂದಲೂ ಅಲ್ಲ. ಟಿ.ವಿ.ಯ ಮುಂದೆ ಕೂತ ನಮ್ಮ ಅಭಿಮಾನಿ ಕಳೆದುಕೊಂಡಿರುವುದು ಈ ವಿವೇಕವನ್ನೇ.

ಅನಿಲ್ ಕುಂಬ್ಳೆಯವರ ಪ್ರಕರಣವನ್ನೇ ನೋಡೋಣ. 2016ರ ಜೂನ್‌ನಲ್ಲಿ ಅವರು ಒಂದು ವರ್ಷದ ಅವಧಿಗೆ ಭಾರತ ತಂಡದ ಮುಖ್ಯ ತರಬೇತುದಾರರಾದರು. 619 ಟೆಸ್ಟ್ ವಿಕೆಟ್ ಪಡೆದವರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನಿಂಗ್ಸಿನ ಹತ್ತೂ ವಿಕೆಟ್ ಕಿತ್ತವರು. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್ ಮಾಡಿದವರು. ಆ ಒಂದು ವರ್ಷದಲ್ಲಿ ತಂಡ 17 ಟೆಸ್ಟ್ ಆಡಿತು. 12 ಗೆದ್ದಿತು, 4 ಡ್ರಾ, ಸೋತದ್ದು ಪುಣೆಯಲ್ಲಿ ಆಸ್ಟ್ರೇಲಿಯದ ಎದುರು ಒಂದೇ ಒಂದು. ಆದರೂ 2017ರ ಮೇ ಕೊನೆಯಲ್ಲಿ, ಚಾಂಪಿಯನ್ಸ್ ಟ್ರೋಫಿ ಇನ್ನೇನು ಆರಂಭವಾಗಬೇಕು ಎನ್ನುವಾಗ, ಮಂಡಳಿ ಅದೇ ಹುದ್ದೆಗೆ ಅರ್ಜಿ ಕರೆಯಿತು. ಜೂನ್ 18ರಂದು ಓವಲ್ ಮೈದಾನದ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 180 ರನ್‌ಗಳಿಂದ ಸೋತಿತು. ಜೂನ್ 20ಕ್ಕೆ ಕುಂಬ್ಳೆ ರಾಜೀನಾಮೆ ಕೊಟ್ಟರು. ನಾಯಕ ವಿರಾಟ್ ಕೊಹ್ಲಿಯವರಿಗೆ ತನ್ನ ಶೈಲಿಯ ಬಗ್ಗೆ ಆಕ್ಷೇಪವಿದೆ ಎಂಬುದು ಹಿಂದಿನ ದಿನವಷ್ಟೇ ಮಂಡಳಿಯಿಂದ ತನಗೆ ತಿಳಿಯಿತು ಎಂದು ಅವರು ಹೇಳಿಕೆಯಲ್ಲಿ ಬರೆದರು. ತಂಡದ ಮುಂದೆ ಕನ್ನಡಿ ಹಿಡಿಯುವುದು ತರಬೇತುದಾರನ ಕೆಲಸ ಎಂಬರ್ಥದ ಮಾತೂ ಅದರಲ್ಲಿತ್ತು.

ಆಗ ನಮ್ಮ ಮೂರು ಊರುಗಳಲ್ಲಿ ಕೇಳಿಬಂದ ವಾದಗಳು ಮೂರು. ಮೊದಲನೆಯದು: "ನಾಯಕನ ಬ್ಯಾಡ ಅಂದಮ್ಯಾಲ ಕೋಚ್ ಇದ್ದು ಏನ ಮಾಡ್ತಾನ್ರೀ? ಆಡಾಂವ ಅಂವಾ ಅಲ್ಲೇನು?" ಎರಡನೆಯದು: "ಹೆಡ್‌ಮಾಸ್ತರಕಿ ಮಾಡಾಕ ಹ್ವಾದ, ಹೊರಗ ಬಿದ್ದ." ಮೂರನೆಯದು ಕನ್ನಡಾಭಿಮಾನಿಗಳದು: "ನಮ್ಮಾಂವ ಅಂತ ತಗದ್ರು. ಮುಂಬಯಿಯಾಂವ ಆಗಿದ್ರ ಮುಟ್ಟತಿದ್ದಿಲ್ಲ."

ಮೊದಲ ವಾದ ಕೇಳಲು ಸರಿಯೆನಿಸುತ್ತದೆ. ನಾಯಕನಿಗೆ ಆಕ್ಷೇಪವಿರಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಆಕ್ಷೇಪ ಹೇಳುವುದು ಬೇರೆ, ತೀರ್ಪು ಕೊಡುವುದು ಬೇರೆ. ಕಲಿಯುವವನ ಮರ್ಜಿಯ ಮೇಲೆ ಕಲಿಸುವವನ ಕೆಲಸ ನಿಂತರೆ ಕಲಿಸುವವನು ಮುಖಸ್ತುತಿಯನ್ನೇ ಕಲಿಸಬೇಕಾಗುತ್ತದೆ. ಈ ಎಚ್ಚರಿಕೆಯನ್ನು ಆಗಲೇ ಒಬ್ಬರು ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ್ದ ಆಡಳಿತಗಾರರ ಸಮಿತಿಯಲ್ಲಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಆ ಜೂನ್ ತಿಂಗಳ ಆರಂಭದಲ್ಲೇ ಸಮಿತಿಯಿಂದ ಹೊರಬಂದರು. ಕುಂಬ್ಳೆ ವಿಷಯವನ್ನು ಮಂಡಳಿ ನಿಭಾಯಿಸಿದ ರೀತಿಯನ್ನೂ ತಾರಾ ಆಟಗಾರರ ಆರಾಧನೆಯನ್ನೂ ಅವರು ತಮ್ಮ ಪತ್ರದಲ್ಲಿ ಟೀಕಿಸಿದರು. ಕಟ್ಟೆಯ ಮೇಲಿನ ಚರ್ಚೆಗೆ ಆ ಪತ್ರ ಬರಲೇ ಇಲ್ಲ. ಅದರಲ್ಲಿ ಬೈಯಲು ಒಬ್ಬ ಖಳನಾಯಕನಿರಲಿಲ್ಲ, ಪ್ರಶ್ನಿಸಲು ಒಂದು ವ್ಯವಸ್ಥೆ ಮಾತ್ರ ಇತ್ತು.

ಎರಡನೆಯ ವಾದವನ್ನು ಆಡುವವರೇ ತಮ್ಮ ಮಕ್ಕಳ ಶಾಲೆಯಲ್ಲಿ ಕಟ್ಟುನಿಟ್ಟಿನ ಮಾಸ್ತರನನ್ನು ಹುಡುಕುತ್ತಾರೆ. ತಮ್ಮ ಮಗನಿಗೆ ಶಿಸ್ತು ಬೇಕು, ತಾರೆಗೆ ಬೇಡ!

ಮೂರನೆಯ ವಾದ ನಮಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ, ಏಕೆಂದರೆ ಅದು ನ್ಯಾಯದ ಪರವಾಗಿ ನಿಂತಂತೆ ಕಾಣುತ್ತದೆ. ಕುಂಬ್ಳೆಗೆ ಅನ್ಯಾಯವಾಯಿತು, ನಿಜ. ಆದರೆ ಅದು ಕನ್ನಡಿಗನಿಗೆ ಆದ ಅನ್ಯಾಯವೆಂದು ಯಾವಾಗ ಹೇಳಿದೆವೋ ಆಗಲೇ ಬೇರೆಯವರಿಗೆ ಆಗುವ ಅನ್ಯಾಯ ನಮ್ಮದಲ್ಲವೆಂದು ಒಪ್ಪಿದಂತಾಯಿತು. ನಮ್ಮವ ಎಂಬ ಕಾರಣಕ್ಕೆ ಎತ್ತಿ ಹಿಡಿದ ಕೈ ನಾಳೆ ನಮ್ಮವನಲ್ಲ ಎಂಬ ಕಾರಣಕ್ಕೆ ಕೆಳಗೆ ತಳ್ಳುತ್ತದೆ.

ಅದು ಹೇಗೆ ತಳ್ಳುತ್ತದೆ ಎಂಬುದಕ್ಕೆ ಬಹಳ ದೂರ ಹೋಗಬೇಕಿಲ್ಲ. ಅದೇ ಓವಲ್ ಪಂದ್ಯದ ಸೋಲಿನ ಮರುದಿನ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೋಹದ್ ಎಂಬ ಹಳ್ಳಿಯಲ್ಲಿ ಪಾಕಿಸ್ತಾನದ ಗೆಲುವನ್ನು ಸಂಭ್ರಮಿಸಿದರೆಂದು 15 ಮುಸ್ಲಿಮರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ದೂರುದಾರನೆಂದು ಹೆಸರಿಸಲ್ಪಟ್ಟ ವ್ಯಕ್ತಿಯೇ ತಾನು ಅಂಥ ದೂರು ಕೊಟ್ಟಿಲ್ಲವೆಂದ. ರಾಜದ್ರೋಹದ ಆರೋಪ ಕೆಲವೇ ದಿನಗಳಲ್ಲಿ ಬಿತ್ತು. ಉಳಿದ ಆರೋಪಗಳಿಂದ ನ್ಯಾಯಾಲಯ ಖುಲಾಸೆ ಮಾಡಲು 2023 ಬರಬೇಕಾಯಿತು. ಆರು ವರ್ಷ. ಒಂದೇ ಸೋಲು, ಅದರ ಲೆಕ್ಕ ತೀರಿಸಲು ಎರಡು ಕಡೆ ಹೆಸರು ಹುಡುಕಲಾಯಿತು. ಒಂದು ಕಡೆ ತರಬೇತುದಾರ, ಇನ್ನೊಂದು ಕಡೆ ಮುಸ್ಲಿಮ. ಒಬ್ಬನೇ ವ್ಯಕ್ತಿ ಇವೆರಡೂ ಆಗಿದ್ದರೆ?

2021ರಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ವಾಸಿಂ ಜಾಫರ್ ರಣಜಿಯಲ್ಲಿ 12 ಸಾವಿರಕ್ಕೂ ಹೆಚ್ಚು ರನ್ ಹೊಡೆದವರು, ಭಾರತಕ್ಕಾಗಿ 31 ಟೆಸ್ಟ್ ಆಡಿ ಎರಡು ದ್ವಿಶತಕ ಬಾರಿಸಿದವರು. ಅವುಗಳಲ್ಲೊಂದು 2007ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಎದುರೇ ಬಂದದ್ದು. 2020ರಲ್ಲಿ ಉತ್ತರಾಖಂಡ ತಂಡದ ತರಬೇತುದಾರರಾದ ಅವರು 2021ರ ಫೆಬ್ರುವರಿಯಲ್ಲಿ ಅವಧಿಯ ನಡುವೆಯೇ ರಾಜೀನಾಮೆ ಕೊಟ್ಟರು. ಆಯ್ಕೆಯಲ್ಲಿ ಹಸ್ತಕ್ಷೇಪ, ಅರ್ಹರಲ್ಲದವರಿಗೆ ಮಣೆ: ಅವರು ಕೊಟ್ಟ ಕಾರಣ ಇದು, ಅಪ್ಪಟ ಆಟದ ಕಾರಣ. ಸಂಸ್ಥೆಯ ಕಡೆಯಿಂದ ಬಂದ ಉತ್ತರದಲ್ಲಿ ಆಟದ ಮಾತು ಹಿಂದೆ ಸರಿಯಿತು. ಮುಸ್ಲಿಂ ಆಟಗಾರನನ್ನು ಮುಂದೆ ತಂದರು, ಮೈದಾನಕ್ಕೆ ಮೌಲ್ವಿ ಬಂದರು, ತಂಡದ ಹನುಮಾನ್ ಜೈಕಾರ ಬದಲಿಸಿದರು ಎಂಬ ಆರೋಪಗಳು ಪತ್ರಿಕೆಗಳಲ್ಲಿ ಬಂದವು. ರಾಜ್ಯದ ಮುಖ್ಯಮಂತ್ರಿ ತನಿಖೆಗೆ ಆದೇಶಿಸಿದರು.

ಜಾಫರ್ ಪ್ರತಿಯೊಂದನ್ನೂ ನಿರಾಕರಿಸಿದರು. ಮೌಲ್ವಿಯನ್ನು ಕರೆದವನು ತಾನಲ್ಲ ಎಂದರು; ಆ ಆಟಗಾರನನ್ನು ನಾಯಕನನ್ನಾಗಿ ಮಾಡಿದವರು ಆಯ್ಕೆಗಾರರು, ತನ್ನ ಆಯ್ಕೆ ಬೇರೊಬ್ಬನಾಗಿದ್ದ ಎಂದರು. ನಾವು ಒಂದು ಸಮುದಾಯವನ್ನಲ್ಲ, ಒಂದು ರಾಜ್ಯವನ್ನು ಪ್ರತಿನಿಧಿಸುತ್ತೇವೆ, ಆದ್ದರಿಂದ ಘೋಷಣೆ ಉತ್ತರಾಖಂಡದ ಹೆಸರಿನಲ್ಲಿರಲಿ ಎಂದಷ್ಟೇ ತಾನು ಸೂಚಿಸಿದ್ದೆ ಎಂದರು. ವಿದರ್ಭ ತಂಡದಲ್ಲಿ ತರಬೇತುದಾರ ಚಂದ್ರಕಾಂತ್ ಪಂಡಿತ್ ಹೀಗೆಯೇ ಮಾಡಿದ್ದನ್ನು ನೆನಪಿಸಿದರು. ಪಂಡಿತರ ವಿದರ್ಭ ಎರಡು ಸಲ ರಣಜಿ ಗೆದ್ದಿತು. ಅವರ ಘೋಷಣೆಯನ್ನು ಯಾರೂ ತೂಕಕ್ಕೆ ಹಾಕಲಿಲ್ಲ. ಒಂದೇ ಮಾತು ಪಂಡಿತರ ಬಾಯಲ್ಲಿ ಹುರುಪು, ಜಾಫರರ ಬಾಯಲ್ಲಿ ಹುನ್ನಾರ!

ಹನುಮಂತನ ಪಟದ ಕೆಳಗೆ ಉಸ್ತಾದನ ಹೆಸರು ಹೊತ್ತು ಕುಸ್ತಿ ಕಲಿತ ನಮ್ಮ ಸೀಮೆ ಈ ಆರೋಪ ಕೇಳಿ ನಕ್ಕು ಬಿಡಬೇಕಿತ್ತು. ನಗಲಿಲ್ಲ. ಕುಂಬ್ಳೆಯ ಅಂಕಿಅಂಶಗಳನ್ನು ಬಾಯಿಪಾಠ ಒಪ್ಪಿಸಿದವರೇ ಜಾಫರ್ ವಿಷಯಕ್ಕೆ ಬಂದಾಗ "ಬೆಂಕಿ ಇಲ್ದ ಹೊಗಿ ಆಡೂದಿಲ್ಲ" ಎಂದು ಗಾದೆ ಹೇಳಿದರು. ಆದರೆ ಆ ಹೊತ್ತಿನಲ್ಲಿ ಬಹಿರಂಗವಾಗಿ ಜಾಫರ್ ಪರ ನಿಂತ ಕೆಲವೇ ಕ್ರಿಕೆಟಿಗರಲ್ಲಿ ಇಬ್ಬರು ಕನ್ನಡಿಗರಿದ್ದರು: ಅನಿಲ್ ಕುಂಬ್ಳೆ ಮತ್ತು ದೊಡ್ಡ ಗಣೇಶ್. ಜಾಫರರ ಮಾರ್ಗದರ್ಶನ ತಪ್ಪಿದ ಆಟಗಾರರಿಗೇ ನಷ್ಟ ಎಂಬುದು ಕುಂಬ್ಳೆಯವರ ನಿಲುವಾಗಿತ್ತು. ದೊಡ್ಡ ದೊಡ್ಡ ತಾರೆಗಳು ತುಟಿ ಹೊಲಿದುಕೊಂಡಿದ್ದಾಗ ಈ ಇಬ್ಬರು ಮಾತಾಡಿದರು. ಕನ್ನಡಾಭಿಮಾನಕ್ಕೆ ಹೆಮ್ಮೆಪಡಲು ಇದಕ್ಕಿಂತ ದೊಡ್ಡ ಕಾರಣ ಬೇಕೆ? ಕುಂಬ್ಳೆಗಾಗಿ ಕೂಗಾಡಿದ ಅಭಿಮಾನಿಗಳು ಕುಂಬ್ಳೆಯಿಂದ ಇದೊಂದನ್ನು ಮಾತ್ರ ಕಲಿಯಲಿಲ್ಲ.

ನಮ್ಮ ಸಮುದಾಯದ ಗೆಳೆಯರಿಗೂ ಒಂದು ಮಾತು ಹೇಳಲೇಬೇಕು. 2021ರಲ್ಲಿ ಜಾಫರ್ ಸಲುವಾಗಿ ಕಣ್ಣು ಕೆಂಪಗೆ ಮಾಡಿಕೊಂಡ ನಮ್ಮ ಹುಡುಗರಲ್ಲಿ ಎಷ್ಟು ಜನ 2017ರಲ್ಲಿ ಕುಂಬ್ಳೆಯ ನಿರ್ಗಮನದ ಬಗ್ಗೆ ಯೋಚಿಸಿದ್ದರು? ತರಬೇತುದಾರನ ಹಕ್ಕು ಎಂಬುದು ಹೆಸರು ನೋಡಿ ನೆನಪಾಗುವ ಹಕ್ಕಾದರೆ ಅದು ಹಕ್ಕಲ್ಲ, ಬಂಧುತ್ವ. ಬಂಧುತ್ವದ ನ್ಯಾಯದಲ್ಲಿ ಸಂಖ್ಯೆಯಲ್ಲಿ ಕಡಿಮೆ ಇರುವವನೇ ಯಾವಾಗಲೂ ಸೋಲುವವನು. ನಮಗೆ ಬೇಕಾದದ್ದು ಹೆಸರು ಕೇಳದ ನ್ಯಾಯ. ಅದನ್ನು ಬೇರೆಯವರಿಗಾಗಿ ಕೇಳದೆ ನಮಗಾಗಿ ಮಾತ್ರ ಕೇಳಿದರೆ ಸಿಗುವುದಿಲ್ಲ.

ಹಾಗಾದರೆ ತರಬೇತುದಾರನನ್ನು ಎಂದೂ ಬದಲಿಸಬಾರದೆ? ಹಾಗಲ್ಲ. ಕುಂಬ್ಳೆಯ ನಂತರ ಬಂದ ರವಿ ಶಾಸ್ತ್ರಿಯವರ ಕಾಲದಲ್ಲಿ ಭಾರತ ಆಸ್ಟ್ರೇಲಿಯದ ನೆಲದಲ್ಲಿ ಎರಡು ಟೆಸ್ಟ್ ಸರಣಿ ಗೆದ್ದಿತು. ಅದನ್ನು ತೋರಿಸಿ ಬದಲಾವಣೆಯೇ ಸರಿಯಿತ್ತು ಎನ್ನುವವರಿದ್ದಾರೆ. ಹೊಸ ಸೊಸೆ ಅಡಿಗೆ ಚೆನ್ನಾಗಿ ಮಾಡಿದಳೆಂದ ಮಾತ್ರಕ್ಕೆ ಹಳೆಯ ಸೊಸೆಯನ್ನು ಹೊರಗೆ ಹಾಕಿದ್ದು ಧರ್ಮವಾಗುವುದಿಲ್ಲ. ಫಲ ಒಳ್ಳೆಯದಾಯಿತೇ ಎಂಬುದು ಒಂದು ಪ್ರಶ್ನೆ. ನಡೆದುಕೊಂಡ ರೀತಿ ಸರಿಯಿತ್ತೇ ಎಂಬುದು ಇನ್ನೊಂದು.

ಬದಲಿಸದೆ ತಾಳಿಕೊಂಡ ಉದಾಹರಣೆಯೂ ನಮ್ಮಲ್ಲಿದೆ. ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಭಾರತದ ಫುಟ್‌ಬಾಲ್ ತಂಡ 1951ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 10-1ರಿಂದ ಸೋತಿತು. ಇಂದಿನ ಅಭಿಮಾನಿಯಾಗಿದ್ದರೆ ಅಂದೇ ರಾತ್ರಿ ರಹೀಮರ ಪುತ್ಥಳಿ ಸುಡುತ್ತಿದ್ದ. ಆದರೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ತಂಡ ಮತ್ತೆ ಅವರ ಕೈಗೇ ಬಂತು, ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಕ್ಯಾನ್ಸರ್ ಹೊತ್ತ ದೇಹದಲ್ಲೇ ಜಕಾರ್ತಾಕ್ಕೆ ಹೋದ ರಹೀಮ್ ಅಲ್ಲಿಂದ ಇನ್ನೊಂದು ಚಿನ್ನ ತಂದರು, ಮರುವರ್ಷ ತೀರಿಕೊಂಡರು. ಭಾರತದ ಫುಟ್‌ಬಾಲ್ ಆ ಎತ್ತರವನ್ನು ಮತ್ತೆ ಕಂಡಿಲ್ಲ.

ಮತ್ತೆ ನಮ್ಮ ದೊಡ್ಡ ಗಣೇಶ್ ಅವರ ವಿಷಯ. 2024ರ ಆಗಸ್ಟ್‌ನಲ್ಲಿ ಕೀನ್ಯಾ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡ ಅವರನ್ನು ನೇಮಕದ ಕ್ರಮ ಸರಿಯಿರಲಿಲ್ಲವೆಂದು ಹೇಳಿ ಸುಮಾರು ಒಂದು ತಿಂಗಳಲ್ಲೇ ಕೈಬಿಡಲಾಯಿತು. ತಪ್ಪು ಮಾಡಿದ್ದು ಸಂಸ್ಥೆ, ದಂಡ ತೆತ್ತದ್ದು ಗಣೇಶ್. ಈ ಕನ್ನಡಿಗನ ಸಲುವಾಗಿ ನಮ್ಮ ಯಾವ ಕಟ್ಟೆಯಲ್ಲೂ ಗದ್ದಲವಾಗಲಿಲ್ಲ. ಕೀನ್ಯಾದ ಪಂದ್ಯ ಟಿ.ವಿ.ಯಲ್ಲಿ ಬರುವುದಿಲ್ಲವಲ್ಲ!

ಟಿ.ವಿ.ಯಲ್ಲಿ ಬಾರದ ಪಂದ್ಯಗಳು ನಮ್ಮ ಊರುಗಳಲ್ಲೂ ನಡೆಯುತ್ತವೆ. ಕಾಲೇಜಿನ ಕಬಡ್ಡಿ, ಖೋಖೋ, ವಾಲಿಬಾಲ್ ತಂಡಗಳನ್ನು ಯಾರು ತಯಾರು ಮಾಡುತ್ತಾರೆ ಎಂದು ಕೇಳಿ ನೋಡಿ. ದೈಹಿಕ ಶಿಕ್ಷಣ ನಿರ್ದೇಶಕರು ನಡುವರ್ಷದಲ್ಲಿ ವರ್ಗವಾಗಿ ಹೋದರೆ, ನಿವೃತ್ತರಾದ ಜಾಗ ಖಾಲಿ ಬಿದ್ದರೆ, ಪಂದ್ಯಾವಳಿಗೆ ನಾಲ್ಕು ದಿನ ಇರುವಾಗ ಯಾರೋ ಒಬ್ಬ ಉಪನ್ಯಾಸಕರ ಕೈಗೆ ಸೀಟಿ ಕೊಟ್ಟು ಕಳಿಸಿದರೆ, ಆ ಬದಲಾವಣೆಯ ಬಗ್ಗೆ ಎಷ್ಟು ಚಹಾ ಖರ್ಚಾಗುತ್ತದೆ? ನಮ್ಮ ಮಾತಿಗೆ ಬೆಲೆ ಇರುವುದು ಅಲ್ಲೇ. ಲಂಡನ್ನಿನ ಓವಲ್‌ಗೆ ನಮ್ಮ ಕೂಗು ಮುಟ್ಟುವುದಿಲ್ಲ. ಕಾಲೇಜಿನ ಆಡಳಿತ ಮಂಡಳಿಗೆ, ತಾಲೂಕಿನ ಕಚೇರಿಗೆ ಮುಟ್ಟುತ್ತದೆ.

ಅಭಿಮಾನಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಬದಲಿಸುವ ಅಧಿಕಾರ ಯಾರದು? ಕಾರಣವೇನು, ಅದನ್ನು ಬರವಣಿಗೆಯಲ್ಲಿ ಕೊಟ್ಟಿದ್ದಾರೆಯೇ? ಹೋಗುವವನ ಮಾತು ಕೇಳಿದ್ದಾರೆಯೇ? ಅದೇ ತಪ್ಪಿಗೆ ಇನ್ನೊಬ್ಬನನ್ನೂ ಹೀಗೆಯೇ ಕಳಿಸುತ್ತಿದ್ದರೇ? ಇವನ್ನು ಕೇಳಿದ ಮೇಲೆ ಬೇಕಾದರೆ ಬೈಯಿರಿ, ಹೊಗಳಿರಿ. ಇವನ್ನು ಕೇಳದೆ ಅವನ ಊರು, ಭಾಷೆ, ಧರ್ಮ ಕೇಳುವವನನ್ನು ನಾವು ಅಭಿಮಾನಿ ಎಂದು ಕರೆಯಲಾರೆವು. ಅವನು ಆಟ ನೋಡಲು ಬಂದವನಲ್ಲ, ಶಿಕಾರಿಗೆ ಬಂದವನು.