ಕೆಜಿ ಲೆಕ್ಕದಲ್ಲಿ ಸೇರದ ಕೆಲಸ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆ ಇಳಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡವನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೆ ಮರುವರ್ಷ ಅಣೆಕಟ್ಟೆಯಲ್ಲಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸಬೇಕಾಯಿತು. ಬಳ್ಳಾರಿ ಜಿಲ್ಲೆ ದಾಟಿ ಬರುವ ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಯನ್ನು ನಂಬಿದ ಆಂಧ್ರದ ಹಾಲಹರವಿ, ಆದೋನಿ ಕಡೆಯ ರೈತರಿಗೆ ಕಬ್ಬಿಣದ ಆರೈಕೆ ಹೊಟ್ಟೆಪಾಡಿನ ವಿಷಯ. ಸರಪಳಿ ಹರಿಯಲು ತುಕ್ಕೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಕಬ್ಬಿಣದ ಕೆಲಸಕ್ಕೆ ನಾವು ಕಟ್ಟುವ ಬೆಲೆಯ ಬಗ್ಗೆ ನನ್ನ ತಕರಾರು.

ಈ ಕರ್ನಾಟಕ–ಆಂಧ್ರ ಗಡಿಯ ಯಾವ ವೆಲ್ಡಿಂಗ್ ಶಾಪ್‌ಗೆ ಹೋದರೂ ಗೇಟು, ಗ್ರಿಲ್, ಶೆಡ್ಡಿನ ದರ ಕೆಜಿ ಲೆಕ್ಕ. ತೂಗುವುದು ಕಬ್ಬಿಣವನ್ನು. ತುಕ್ಕು ಕೆರೆದ ಹೊತ್ತು ತಕ್ಕಡಿಗೆ ಬರುವುದಿಲ್ಲ, ಗ್ಯಾಸ್ ಕಟಿಂಗಿನ ಹೊಸ ಹೋಸ್ ಪೈಪಿನ ಖರ್ಚೂ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದು ಕೆಲಸದಿಂದಲೂ ಜಾರಿಹೋಗುತ್ತದೆ.

ಬಣ್ಣದ ಆಯುಸ್ಸು ನಿರ್ಧಾರವಾಗುವುದು ಡಬ್ಬಿ ತೆರೆಯುವ ಮೊದಲೇ. ಎಣ್ಣೆ, ಧೂಳು, ಸಡಿಲ ತುಕ್ಕು, ವೆಲ್ಡಿನ ಮೇಲಿನ ಸ್ಲ್ಯಾಗ್ ಹೋಗದೆ ಬಳಿದ ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣಕ್ಕೆ ಅಂಟುವುದಿಲ್ಲ, ಕೊಳೆಗೆ ಅಂಟುತ್ತದೆ. ಅದರಡಿ ತುಕ್ಕು ಮುಚ್ಚುಮರೆಯಲ್ಲಿ ಬೆಳೆಯುತ್ತದೆ. ಪೌಡರ್ ಕೋಟಿಂಗ್‌ನಲ್ಲಿ ಪುಡಿಯನ್ನು ವಿದ್ಯುತ್ ಆವೇಶದಿಂದ ಅಂಟಿಸಿ ಸುಮಾರು 180–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ನೋಡಲು ಚೆಂದ, ಆದರೆ ತಳ ಕೊಳಕಾದರೆ ಅದೂ ಸಿಪ್ಪೆಯಂತೆ ಏಳುತ್ತದೆ. ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದುವ ಗ್ಯಾಲ್ವನೈಸಿಂಗ್ ಬೇರೆಯದೇ ಜಾತಿ: ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಅದೇ ಸತು ವೆಲ್ಡರನ ಎದೆಗೆ ಶತ್ರು. ಸತು 907 ಡಿಗ್ರಿಗೆ ಕುದಿಯುತ್ತದೆ, ವೆಲ್ಡಿಂಗ್‌ನ ಶಾಖ ಅದಕ್ಕಿಂತ ಎಷ್ಟೋ ಮೇಲೆ. ಹೀಗೆ ಸತು ಲೇಪಿಸಿದ ಜಿಐ ಪೈಪಿಗೆ ವೆಲ್ಡ್ ಹಚ್ಚಿದಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಕೆಲ ತಾಸಿನ ಮೇಲೆ ಚಳಿಜ್ವರ, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನಕ್ಕೆ ಇಳಿಯುವುದರಿಂದ ಯಾರೂ ದಾಖಲಿಸುವುದಿಲ್ಲ. ಹಾಲು ಕುಡಿದರೆ ಸರಿಹೋಗುತ್ತದೆಂಬ ನಂಬಿಕೆ ಬೇರೆ. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲೇ ತೆಗೆದು, ಗಾಳಿಗೆ ಬೆನ್ನು ಕೊಡದೆ ಹೊಗೆ ಪಕ್ಕಕ್ಕೆ ಹೋಗುವಂತೆ ಕೂತು, ಕೊನೆಗೆ ಸತುವಿನ ಪೇಂಟ್ ಹಚ್ಚಬೇಕು. ಇದೂ ಕೆಜಿಯಲ್ಲಿ ಸೇರುವುದಿಲ್ಲ.

ಗ್ಯಾಸ್ ಕಟಿಂಗ್‌ನಲ್ಲಿ ಉಳಿತಾಯದ ಬೆಲೆ ಪ್ರಾಣ. ಮರೂನ್ ಬಣ್ಣದ ಅಸಿಟಿಲೀನ್ ಸಿಲಿಂಡರಿನೊಳಗೆ ಅನಿಲ ಅಸಿಟೋನ್‌ನಲ್ಲಿ ಕರಗಿ, ರಂಧ್ರಗಳಿರುವ ತುಂಬುವಸ್ತುವಿನಲ್ಲಿ ಅಡಗಿರುತ್ತದೆ. ಮಲಗಿಸಿ ಬಳಸಿದರೆ ಅಸಿಟೋನ್ ಹೊರಬರುತ್ತದೆ. ಹೋಸ್‌ಗೆ ಬಿಡುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು ಒಂದು ಕೆಜಿ ಮೀರಿದರೆ ಈ ಅನಿಲ ಸಿಡಿಯಲು ಆಮ್ಲಜನಕವೂ ಬೇಕಿಲ್ಲ. ಕಪ್ಪು ಆಕ್ಸಿಜನ್ ಸಿಲಿಂಡರಿನ ವಾಲ್ವ್ ಬಿಗಿಯೆಂದು ಗ್ರೀಸ್ ಸವರಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಉರಿ ಟಾರ್ಚಿನಿಂದ ಹಿಂದಕ್ಕೆ ಓಡಿದಾಗ ತಡೆಯುವುದು ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಎಂಬ ಅಂಗೈಯಗಲದ ತುಂಡು. ಸಣ್ಣ ಅಂಗಡಿಗಳಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. 14.2 ಕೆಜಿಯ ಮನೆಬಳಕೆ ಸಿಲಿಂಡರಿನಿಂದ ಕಟಿಂಗ್ ಮಾಡುವುದಂತೂ ಕಾನೂನುಬಾಹಿರ; ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ತಗ್ಗಿನಲ್ಲಿ ಕಿಡಿಗಾಗಿ ಕಾಯುತ್ತದೆ.

ಕಾನೂನಿಲ್ಲವೆನ್ನುವಂತಿಲ್ಲ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ಅವನ್ನು ನೋಡಿಕೊಳ್ಳುವ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ರಸ್ತೆಬದಿಯ ತಗಡಿನ ಶೆಡ್ಡಿಗೆ ನಾಗಪುರ ಬಹಳ ದೂರ. ವೆಲ್ಡರನನ್ನು ಬೈದು, ದಂಡ ಹಾಕಿ ಪ್ರಯೋಜನವಿಲ್ಲ. ಅಗ್ಗದ ದರ ಕೇಳಿದವರು ನಾವು. ಶಾಲೆಯ ಗೇಟಾಗಲಿ ಕಾಲುವೆಯ ತೂಬಿನ ಹಲಗೆಯಾಗಲಿ, ಸರ್ಕಾರಿ ಅಂದಾಜು ಪಟ್ಟಿಯಲ್ಲಿ ಮೇಲ್ಮೈ ಶುದ್ಧಿಗೆ ಪ್ರತ್ಯೇಕ ದರವಿರಲಿ, ಪ್ರೈಮರ್ ಹಚ್ಚುವ ಮೊದಲು ಎಂಜಿನಿಯರ್ ಒಮ್ಮೆ ಬಂದು ನೋಡಲಿ. ಸಿಲಿಂಡರ್ ಕೊಡುವ ಏಜೆನ್ಸಿ ಅರೆಸ್ಟರನ್ನೂ ಬಾಡಿಗೆಗೆ ಕೊಡಲಿ. ಎಚ್ಚರಿಕೆಯ ಚೀಟಿ ಇಲ್ಲಿ ತೆಲುಗಿನ ಜೊತೆ ಕನ್ನಡದಲ್ಲೂ ಇರಲಿ. ಟಾರ್ಚ್ ಹಿಡಿಯುವ ಹುಡುಗ ಓದಬಲ್ಲದ್ದು ಕನ್ನಡವೇ ಇರಬಹುದು.